‘ಬೆಡ್ಸ್ ಆರ್ ಬರ್ನಿಂಗ್’ ಹಾಡಿನಲ್ಲಿ ವಾಪಸ್ ಕೊಡಿ ಅನ್ನುವುದು ಯಾರ ಭೂಮಿಯನ್ನು? ಆಮೇಲೆ ಕೊಟ್ಟರಾ?

ಕಾಲೇಜು ಕಾರ್ಯಕ್ರಮಕ್ಕೆ ಈ ಹಾಡಿನ ಸಾರಾಂಶವನ್ನು ಕನ್ನಡದಲ್ಲಿ ಬರೆಯುತ್ತಿದ್ದೀರಿ, ‘ಆಸ್ಟ್ರೇಲಿಯಾದ ಆದಿವಾಸಿಗಳ ಭೂಮಿ’ ಅಂತ ಹಾಕಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಆ ಖಂಡದಲ್ಲಿ ನೂರಾರು ಜನಾಂಗಗಳಿವೆ. ಹಾಡು ಹೇಳುವುದು ಅದರಲ್ಲಿ ಒಂದರ ಕಥೆ. ‘ಪಿಂಟುಪಿ’ ಅಂತ ಹೆಸರು ಹಿಡಿದೇ ಬರೆಯಿರಿ.

ಹಾಡು ಮಿಡ್‌ನೈಟ್ ಆಯಿಲ್ ಎಂಬ ಸಿಡ್ನಿಯ ರಾಕ್ ತಂಡದ್ದು, 1987ರ ‘ಡೀಸೆಲ್ ಅಂಡ್ ಡಸ್ಟ್’ ಆಲ್ಬಮ್ಮಿನದು. ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಹೋಯಿತು. ಆಲ್ಬಮ್ಮಿನ ಹಿಂದಿನ ವರ್ಷ, 1986ರಲ್ಲಿ, ತಂಡದವರು ಪಪುನ್ಯ ಊರಿನ ವಾರುಂಪಿ ಬ್ಯಾಂಡ್ ಜೊತೆ ಮರುಭೂಮಿಯ ಊರೂರು ತಿರುಗಿದ್ದರು. ಹಾಡಿನ ವಿವರಗಳೆಲ್ಲ ಆ ದಾರಿಯಲ್ಲಿ ಕಂಡಂಥವು: ಬ್ಲಡ್‌ವುಡ್, ಡೆಸರ್ಟ್ ಓಕ್, ಕೆಟ್ಟು ನಿಂತ ಹೋಲ್ಡನ್ ಕಾರುಗಳು, ಕುದಿಯುವ ಡೀಸೆಲ್ ಇಂಜಿನ್ನು, ಗಾಡಿ ಸದ್ದಿಗೆ ಹಾರುವ ಕಾಕಟೂ ಗಿಳಿಗಳು, 45 ಡಿಗ್ರಿ ಬಿಸಿಲು. ಡೆಸರ್ಟ್ ಓಕನ್ನು ದಯವಿಟ್ಟು ‘ಓಕ್ ಮರ’ ಮಾಡಬೇಡಿ. ಅದು ನಮ್ಮ ಕಾರವಾರ ಕಡಲ ದಂಡೆಯ ಗಾಳಿಮರದ ಕುಟುಂಬದ್ದು. ಎಲೆಯೂ ಹಾಗೇ, ಸೂಜಿ ಸೂಜಿ. ಬ್ಲಡ್‌ವುಡ್ ನೀಲಗಿರಿಯ ಹತ್ತಿರದ ನೆಂಟ, ತೊಗಟೆ ಗಾಯವಾದರೆ ಕೆಂಪು ಅಂಟು ಒಸರುತ್ತದೆ.

ಈಗ ಭೂಮಿ ಹೋದದ್ದು ಹೇಗೆ ಅನ್ನುವುದಕ್ಕೆ ಬರೋಣ. ಪಿಂಟುಪಿಗಳ ನಾಡು ಖಂಡದ ನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಿಂದ ಬಹಳ ಪಶ್ಚಿಮಕ್ಕೆ. ದಕ್ಷಿಣದ ವೂಮೆರಾದಿಂದ ಬ್ರಿಟನ್ನಿನ ಬ್ಲೂ ಸ್ಟ್ರೀಕ್ ರಾಕೆಟ್ ಹಾರಿಸುವ ಯೋಜನೆಯಾದಾಗ ಅದರ ಹಾರುದಾರಿ ಈ ನಾಡಿನ ಮೇಲೆಯೇ ಬಂತು. 1950–60ರ ದಶಕಗಳಲ್ಲಿ ಸರ್ಕಾರದ ಗಸ್ತು ಗಾಡಿಗಳು ಹೋಗಿ, ಅಲ್ಲಿದ್ದವರನ್ನು ಪೂರ್ವದ ಪಪುನ್ಯದಂಥ ವಸತಿಗಳಿಗೆ ತಂದು ಬಿಟ್ಟವು. ಹಾಗಂತ ‘ಎಲ್ಲರನ್ನೂ ಎಳೆದೊಯ್ದರು’ ಅಂತ ಬರೆದರೂ ತಪ್ಪು. ಬರ ಬಂದಾಗ, ಮುಂಚೆ ಹೋದ ನೆಂಟರಿದ್ದಾರೆಂದು, ರೇಷನ್ ಹಿಟ್ಟು ಸಿಗುತ್ತದೆಂದು ತಾವೇ ನಡೆದು ಬಂದವರೂ ಇದ್ದರು. ಬಂದ ಮೇಲೆ ಪಪುನ್ಯದ ಇಕ್ಕಟ್ಟಿನಲ್ಲಿ ಕಾಯಿಲೆಗೆ ತುಂಬಾ ಜನ ಸತ್ತರು.

ವಾಪಸ್ ಹೋದದ್ದು 1981ರಲ್ಲಿ. ಕೊಳವೆಬಾವಿಯಲ್ಲಿ ನೀರು ಸಿಕ್ಕಿದ ಮೇಲೆ ಕಿಂಟೋರ್‌ಗೆ, ಅಂದರೆ ಅವರ ಮಾತಿನ ವಲುಂಗುರ್ರುವಿಗೆ, ಮರಳಿದರು. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 530 ಕಿಲೋಮೀಟರ್. ಆಮೇಲೆ ಇನ್ನೂ ಪಶ್ಚಿಮಕ್ಕೆ, ರಾಜ್ಯದ ಗಡಿ ದಾಟಿ, ಕಿವಿರ್‌ಕುರ್ರದಲ್ಲಿ ಇನ್ನೊಂದು ಊರು ಕಟ್ಟಿದರು.

ಹೆಚ್ಚಿನವರು ಎಡವುವುದು ಆ ಗಡಿಯ ಹತ್ತಿರ. ಕಿಂಟೋರ್ ಇರುವುದು ನಾರ್ದರ್ನ್ ಟೆರಿಟರಿಯಲ್ಲಿ. ಅಲ್ಲಿ 1976ರ ಭೂಹಕ್ಕು ಕಾಯ್ದೆ ಇದೆ: ಜಮೀನಿನ ಪಟ್ಟಾ ಆದಿವಾಸಿ ಟ್ರಸ್ಟ್ ಹೆಸರಿಗೆ, ಮಾರಲು ಬರುವುದಿಲ್ಲ, ಹೊರಗಿನವರು ಒಳಗೆ ಹೋಗಬೇಕಾದರೆ ಪರ್ಮಿಟ್ಟು ಬೇಕು. ಗಣಿ ಕಂಪನಿ ಶೋಧನೆಗೆ ಬಂದರೆ ಬೇಡ ಎನ್ನಬಹುದು. ಖನಿಜ ಮಾತ್ರ ಸರ್ಕಾರದ್ದೇ. ಅಂದರೆ ಹಾಡು ಬರುವಷ್ಟರಲ್ಲಿ ಕಿಂಟೋರ್ ಭಾಗ ಕಾಗದದ ಮೇಲೆ ವಾಪಸಾಗಿತ್ತು! ಗಡಿಯಾಚೆಯ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಂಥ ಕಾಯ್ದೆಯೇ ಇರಲಿಲ್ಲ. ಅಲ್ಲಿನವರು ಆದಿವಾಸಿಗಳ ಪರಂಪರೆಯ ಭೂಹಕ್ಕನ್ನು (ನೇಟಿವ್ ಟೈಟಲ್) ಮೊದಲು ಒಪ್ಪಿದ 1992ರ ಮಾಬೊ ತೀರ್ಪು, 1993ರ ನೇಟಿವ್ ಟೈಟಲ್ ಕಾಯ್ದೆ ಬರುವ ತನಕ ಕಾಯಬೇಕಾಯಿತು. ಕಿವಿರ್‌ಕುರ್ರದ ಹಕ್ಕನ್ನು ಕೋರ್ಟು ಮಾನ್ಯ ಮಾಡಿದ್ದು 2001ರಲ್ಲಿ.

ನೇಟಿವ್ ಟೈಟಲ್‌ನಲ್ಲಿ ಒಂದು ಕೊಕ್ಕೆ ಇದೆ. ಬ್ರಿಟಿಷರ ಆಳ್ವಿಕೆ ಶುರುವಾದಾಗಿನಿಂದ ಇವತ್ತಿನವರೆಗೆ ಆ ನೆಲದ ಸಂಪ್ರದಾಯ ಕಡಿದುಹೋಗಿಲ್ಲ ಅಂತ ಅರ್ಜಿದಾರರೇ ತೋರಿಸಬೇಕು. ಪಿಂಟುಪಿಗಳಿಗೆ ಅದು ಸಾಧ್ಯವಾಯಿತು. ಅವರಲ್ಲಿ ಒಂದು ಒಂಬತ್ತು ಜನರ ಕುಟುಂಬ ಮರುಭೂಮಿ ಬಿಟ್ಟು ಹೊರಬಂದದ್ದೇ 1984ರಲ್ಲಿ. ಆಗ್ನೇಯದ ಫಲವತ್ತು ನದಿ ಬಯಲಿನ ಯೋರ್ಟಾ ಯೋರ್ಟಾ ಜನರನ್ನು 19ನೇ ಶತಮಾನದಲ್ಲೇ ಒಕ್ಕಲೆಬ್ಬಿಸಲಾಗಿತ್ತು, 2002ರಲ್ಲಿ ಹೈಕೋರ್ಟಿನಲ್ಲಿ (ಆಸ್ಟ್ರೇಲಿಯಾದಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಸೋತರು. ಮೊದಲು ಕಳೆದುಕೊಂಡವನಿಗೇ ಕೊನೆಗೂ ಇಲ್ಲ. ಆದ್ದರಿಂದ ‘ಭೂಮಿ ಸಿಕ್ಕಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಅನುವಾದದಲ್ಲಿ ತೊಡಕಾಗುವ ಪದ ‘ರೆಂಟ್’; ಅದನ್ನು ಕಟ್ಟುವ ಕಾಲ ಬಂತು ಎನ್ನುತ್ತದೆ ಹಾಡು. ಜಮೀನಿನ ಮಾತಲ್ಲವಾ ಎಂದು ‘ಗೇಣಿ’ ಹಾಕಲು ಕೈ ಹೋಗುತ್ತದೆ. ಬೇಡ. ನಮ್ಮಲ್ಲಿ ಗೇಣಿ ಎಂದ ತಕ್ಷಣ ನೆನಪಾಗುವುದು ಒಡೆಯನಿಗೆ ಅಳೆದು ಕೊಡುವ ಒಕ್ಕಲು. 1974ರ ಭೂಸುಧಾರಣೆ ಜಮೀನು ಕೊಟ್ಟದ್ದು ಅವನಿಗೇ. ಓದುವವರ ಮನಸ್ಸು ತಾನಾಗಿ ಗೇಣಿ ಕೊಡುವವನ ಪರ ವಾಲುತ್ತದೆ. ಹಾಡಿನಲ್ಲಿ ಬಾಕಿದಾರ ಬಂದು ಕೂತ ಬಿಳಿಯ, ಹಾಡುವವನೂ ಅವನೇ. ‘ಬಾಡಿಗೆ ಬಾಕಿ’ ಅನ್ನಿ, ಸರಿಯಾಗಿ ಕೂರುತ್ತದೆ. ‘ಭೂಮಿ’ ಬದಲು ಅಲ್ಲಲ್ಲಿ ‘ಊರು’ ಬಳಸಿ. ಪಿಂಟುಪಿ ಮಾತಿನ ‘ಙುರ್ರ’ಕ್ಕೆ ನಾಡು, ಮನೆ, ರಾತ್ರಿ ಮಲಗುವ ಬಿಡಾರ, ಮೂರೂ ಅರ್ಥ. ಶೀರ್ಷಿಕೆಯ ‘ಉರಿಯುವ ಹಾಸಿಗೆ’ಗೂ ಅದು ಚೆನ್ನಾಗಿ ಹೊಂದುತ್ತದೆ, ಬರೆದವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ.

ಇನ್ನೊಂದು ಗೊಂದಲ. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ತಂಡ ‘ಸಾರಿ’ ಎಂದು ಬರೆದ ಕಪ್ಪು ಬಟ್ಟೆ ತೊಟ್ಟು ಇದೇ ಹಾಡು ಹಾಡಿತು. ಆದಿವಾಸಿಗಳ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಜಾನ್ ಹೋವರ್ಡ್ ಎದುರಿಗೇ ಕೂತಿದ್ದರು. ಕ್ಷಮಾಪಣೆ ಬಂದದ್ದು 13 ಫೆಬ್ರವರಿ 2008ರಂದು, ಕೆವಿನ್ ರಡ್ ಕಾಲದಲ್ಲಿ. ತಂಡದ ಗಾಯಕ ಪೀಟರ್ ಗ್ಯಾರೆಟ್ ಆಗ ಅವರ ಮಂತ್ರಿ. ಆದರೆ ಆ ಕ್ಷಮೆ ಮುಖ್ಯವಾಗಿ ತಾಯ್ತಂದೆಯರಿಂದ ಕಿತ್ತುಕೊಂಡ ಆದಿವಾಸಿ ಮಕ್ಕಳ ಕುರಿತದ್ದು, ಜಮೀನಿನ ಕುರಿತದ್ದಲ್ಲ. ಎರಡನ್ನೂ ಬೆರೆಸಬೇಡಿ.

ಕಾರ್ಯಕ್ರಮದಲ್ಲಿ ಸಮಯವಿದ್ದರೆ ಯೋಥು ಯಿಂಡಿ ತಂಡದ ‘ಟ್ರೀಟಿ’ (ಒಪ್ಪಂದ) ಹಾಡನ್ನೂ (1991) ಜೊತೆಗೆ ಹಾಕಿ. ಅದರಲ್ಲಿ ಭೂಮಿಯವರೇ ಹಾಡುತ್ತಾರೆ, ಅರ್ಧ ತಮ್ಮದೇ ಯೋಲ್ಙು ಮಾತಿನಲ್ಲಿ. 1988ರಲ್ಲಿ ಪ್ರಧಾನಿ ಬಾಬ್ ಹಾಕ್ ಆದಿವಾಸಿಗಳಿಗೆ ಮಾತು ಕೊಟ್ಟಿದ್ದ ಒಪ್ಪಂದ ಎಲ್ಲಿ ಎಂಬುದೇ ಅವರ ಪ್ರಶ್ನೆ.