ಓದುಗರ ಪ್ರಶ್ನೆಗೆ ಉತ್ತರ: ವೈಜ್ಞಾನಿಕ ಕಾದಂಬರಿ ತೆರೆಗೆ ಬರುವಾಗ

ಹೆಸರಾಂತ ವೈಜ್ಞಾನಿಕ ಕಾದಂಬರಿಗಳು ಸಿನಿಮಾ ಅಥವಾ ಸರಣಿಯಾಗುವುದನ್ನು ಕುರಿತು ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಗೆ ಹೆಚ್ಚು ಜಾಗ ಸಂದಿದೆ. ಉಳಿದ ಪ್ರಶ್ನೆಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ಕಂಪ್ಯೂಟರ್ ಗ್ರಾಫಿಕ್ಸ್ ಇಷ್ಟೊಂದು ಮುಂದುವರಿದಿದ್ದರೂ, ನಾವು ಮೆಚ್ಚಿದ ಕಾದಂಬರಿ ತೆರೆಯ ಮೇಲೆ ಬಂದಾಗ ಏನೋ ಕೈತಪ್ಪಿಹೋದಂತೆ ಅನ್ನಿಸುವುದೇಕೆ?

ಉತ್ತರ: ಕೈತಪ್ಪುವುದು ಸಾಮಾನ್ಯವಾಗಿ ದೃಶ್ಯವಲ್ಲ, ಕಥೆ ಹೇಳುವವನ ದನಿ. ಸಾಮಾಜಿಕ ಕಾದಂಬರಿಯ ಲೋಕ ಓದುಗನಿಗೆ ಮೊದಲೇ ಪರಿಚಿತವಾಗಿರುತ್ತದೆ. ವೈಜ್ಞಾನಿಕ ಕಾದಂಬರಿಕಾರನಾದರೋ ಲೋಕವನ್ನೂ ಕಥೆಯನ್ನೂ ಒಟ್ಟೊಟ್ಟಿಗೇ ಕಟ್ಟಬೇಕಾಗುತ್ತದೆ. ಅವನು ಎಲ್ಲಿ ಬೇಕಾದರೂ ಕಥೆಯನ್ನು ತಡೆದು, ಈ ಗ್ರಹದಲ್ಲಿ ನೀರಿಗೇಕೆ ಇಷ್ಟು ಬೆಲೆ, ಇಲ್ಲಿಯ ಜನ ಯಂತ್ರಗಳಿಗೇಕೆ ಅಂಜುತ್ತಾರೆ ಎಂಬುದನ್ನು ಅರ್ಧ ಪುಟದಲ್ಲಿ ಹೇಳಿ ಮುಂದೆ ಸಾಗಬಹುದು. ತೆರೆಗೆ ಆ ಅರ್ಧ ಪುಟವಿಲ್ಲ. ಅಲ್ಲಿ ಒಂದೋ ಯಾವುದಾದರೂ ಪಾತ್ರ ಅದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಅದು ಕಣ್ಣೆದುರು ನಡೆಯಬೇಕು.

ಫ್ರಾಂಕ್ ಹರ್ಬರ್ಟ್ ಅವರ 1965ರ ‘ಡ್ಯೂನ್’ ಕಾದಂಬರಿಯನ್ನೇ ನೋಡೋಣ. ಅದರಲ್ಲಿ ಔತಣಕೂಟದ ಒಂದು ಅಧ್ಯಾಯವಿದೆ. ಮೇಜಿನ ಸುತ್ತ ಕುಳಿತ ಪ್ರತಿಯೊಬ್ಬರೂ ಒಂದನ್ನು ಆಡುತ್ತಾರೆ, ಇನ್ನೊಂದನ್ನು ಯೋಚಿಸುತ್ತಾರೆ. ಲೇಖಕರು ಒಂದೇ ಪುಟದಲ್ಲಿ ಒಬ್ಬರ ಮನಸ್ಸಿನಿಂದ ಮತ್ತೊಬ್ಬರ ಮನಸ್ಸಿಗೆ ಸಲೀಸಾಗಿ ದಾಟುತ್ತಾರೆ. ಇದನ್ನು ಚಿತ್ರಿಸುವುದು ಹೇಗೆ? 1970ರ ದಶಕದಲ್ಲಿ ಅಲೆಹಾಂದ್ರೋ ಹೊದೊರೋವ್‌ಸ್ಕಿ ಈ ಕಾದಂಬರಿಯನ್ನು ಸಿನಿಮಾ ಮಾಡಲು ದೊಡ್ಡ ಸಿದ್ಧತೆ ನಡೆಸಿದರು, ಆದರೆ ಚಿತ್ರೀಕರಣ ನಡೆಯಲೇ ಇಲ್ಲ. 1984ರಲ್ಲಿ ಡೇವಿಡ್ ಲಿಂಚ್ ಇಡೀ ಪುಸ್ತಕವನ್ನು 137 ನಿಮಿಷಗಳಿಗೆ ಇಳಿಸಿದಾಗ, ಪಾತ್ರಗಳ ಯೋಚನೆಗಳನ್ನು ಪಿಸುಮಾತಿನ ಹಿನ್ನೆಲೆ ಧ್ವನಿಯಾಗಿ ಕೇಳಿಸಿದರು. ಪುಸ್ತಕದ ಪದಗಳು ಉಳಿದವು, ಆದರೆ ನಟರು ಮುಖದಲ್ಲಿ ಆಗಲೇ ತೋರಿಸಿದ್ದನ್ನು ಕಿವಿಗೆ ಮತ್ತೊಮ್ಮೆ ಹೇಳಿದಂತಾಯಿತು. ಕೆಲವು ಚಿತ್ರಮಂದಿರಗಳಲ್ಲಿ ಆ ಲೋಕದ ಪದಗಳ ಅರ್ಥ ತಿಳಿಸುವ ಮುದ್ರಿತ ಹಾಳೆಯನ್ನು ಪ್ರೇಕ್ಷಕರ ಕೈಗೆ ಕೊಡಬೇಕಾಯಿತು.

ಡೆನಿ ವಿಲ್‌ನವ್ 2021ರಲ್ಲಿ ಕಾದಂಬರಿಯ ಪೂರ್ವಾರ್ಧವನ್ನು ಮಾತ್ರ ತೆಗೆದುಕೊಂಡು, ಉತ್ತರಾರ್ಧವನ್ನು 2024ರ ಚಿತ್ರಕ್ಕೆ ಬಿಟ್ಟರು. ಎರಡೂ ಸೇರಿ ಐದು ಗಂಟೆಗೂ ಮೀರುತ್ತವೆ. ಇಷ್ಟು ಸಮಯವಿದ್ದರೂ ಅವರು ಔತಣದ ಅಧ್ಯಾಯವನ್ನು ಕೈಬಿಟ್ಟರು. ಅದನ್ನು ಪ್ರೀತಿಸುವ ಓದುಗರಿಗೆ ನೋವಾಯಿತು, ನನಗೂ ಆಯಿತು. ಆದರೆ ಮನಸ್ಸಿನೊಳಗಿನ ಮಾತಿಗೆ ಬದಲಾಗಿ ಅವರು ಕೈಸನ್ನೆಯ ಗುಪ್ತಭಾಷೆಯನ್ನೂ ದೀರ್ಘ ಮೌನಗಳನ್ನೂ ಬಳಸಿದ ರೀತಿ, ತೆರೆಗೆ ಒಗ್ಗುವ ಉಪಾಯವೆಂದು ಒಪ್ಪಲೇಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ‘ಡ್ಯೂನ್’ ಕಾದಂಬರಿಯ ಪ್ರತಿ ಅಧ್ಯಾಯವೂ ಮುಂದೊಂದು ಕಾಲದಲ್ಲಿ ಬರೆದ ಗ್ರಂಥದ್ದೆನ್ನಲಾದ ಉದ್ಧೃತಿಯೊಂದರಿಂದ ಶುರುವಾಗುತ್ತದೆ. ದ್ರೋಹ ಬಗೆಯುವವನು ಯಾರೆಂಬುದು ಓದುಗನಿಗೆ ದ್ರೋಹ ನಡೆಯುವ ಮೊದಲೇ ಗೊತ್ತಾಗುತ್ತದೆ. ನಾಯಕ ಪಾಲ್ ಆಟ್ರೈಡಿಸ್ ತನ್ನ ಹೆಸರಿನಲ್ಲಿ ನಡೆಯಲಿರುವ ಧರ್ಮಯುದ್ಧವನ್ನು ಮುಂಗಂಡು ಒಳಗೊಳಗೇ ಕಂಗಾಲಾಗುವುದೂ ಗೊತ್ತಾಗುತ್ತದೆ. ಜನರನ್ನು ಮರುಳುಮಾಡುವ ನಾಯಕರ ವಿಷಯದಲ್ಲಿ ಎಚ್ಚರವಿರಲಿ ಎಂಬುದೇ ಹರ್ಬರ್ಟ್ ಅವರ ಆಶಯವಾಗಿತ್ತು. ಅನೇಕ ಓದುಗರು ಪಾಲ್‌ನನ್ನು ಶುದ್ಧ ವೀರನೆಂದೇ ಓದಿಕೊಂಡರು. 1969ರ ಮುಂದಿನ ಕಾದಂಬರಿಯಲ್ಲಿ ಆ ಎಚ್ಚರಿಕೆ ಯಾರಿಗೂ ತಪ್ಪದಂತೆ ಮೂಡಿತು. ಉದ್ಧೃತಿಗಳಿಲ್ಲದ ಸಿನಿಮಾದಲ್ಲಿ ಆ ಅನುಮಾನವನ್ನು ಹೊರುವವರು ಯಾರು? 1984ರ ಚಿತ್ರದಲ್ಲಿ ಯಾರೂ ಹೊರಲಿಲ್ಲ. ಅದರ ಕೊನೆಯಲ್ಲಿ ಪಾಲ್ ದೇವರಂತೆ ನಿಲ್ಲುತ್ತಾನೆ, ಮರುಭೂಮಿಯ ಗ್ರಹದಲ್ಲಿ ಮಳೆಯೂ ಸುರಿಯುತ್ತದೆ. ನೀರು ಆ ಗ್ರಹದ ದೈತ್ಯ ಹುಳುಗಳಿಗೆ ವಿಷ ಎಂಬ ಕಾದಂಬರಿಯ ಜೀವವಿಜ್ಞಾನವೇ ಅಲ್ಲಿ ಮರೆತುಹೋಗಿದೆ. 2024ರ ಚಿತ್ರದಲ್ಲಿ ಆ ಅನುಮಾನವನ್ನು ಚಾನಿ ಎಂಬ ತರುಣಿ ಹೊರುತ್ತಾಳೆ. ಪುಸ್ತಕದಲ್ಲಿ ಅವಳು ಕೊನೆಯವರೆಗೂ ಪಾಲ್‌ನ ಜೊತೆಗಿರುತ್ತಾಳೆ, ಚಿತ್ರದಲ್ಲಿ ಅವನ ಪಟ್ಟವನ್ನು ಒಪ್ಪದೆ ಎದ್ದು ಹೋಗುತ್ತಾಳೆ. ಕಥೆಯ ಮಟ್ಟಿಗೆ ಇದು ಮೂಲಕ್ಕೆ ದೊಡ್ಡ ವಿರೋಧ. ಆದರೂ ಮೂರೂ ಚಿತ್ರಗಳಲ್ಲಿ ಪುಸ್ತಕಕ್ಕೆ ಅತ್ಯಂತ ನಿಷ್ಠವಾದ ನಡೆ ಇದೇ ಎಂದು ನಾನು ನಂಬಿದ್ದೇನೆ. ಪುಸ್ತಕ ಕೇಳಿದ ಪ್ರಶ್ನೆಯನ್ನು ನೋಡುಗನೂ ಕೇಳಿಕೊಳ್ಳುವಂತೆ ಮಾಡಲು ಬೇರೆ ದಾರಿ ಇದ್ದಂತೆ ತೋರುವುದಿಲ್ಲ.

ಪ್ರಶ್ನೆ: ನೂರು ವರ್ಷ ಹಳೆಯ ಕಾದಂಬರಿಯ ವಿಜ್ಞಾನ ಇಂದು ತಪ್ಪೆಂದು ಗೊತ್ತಿರುವಾಗ, ಅದನ್ನು ತಿದ್ದಿ ಸಿನಿಮಾ ಮಾಡಬೇಕೋ, ಇದ್ದಂತೆಯೇ ಮಾಡಬೇಕೋ?

ಉತ್ತರ: ವಿಜ್ಞಾನದ ತಪ್ಪನ್ನು ತಿದ್ದುವುದು ಸುಲಭ. ಆ ತಪ್ಪಿನ ಸುತ್ತ ಹೆಣೆದುಕೊಂಡ ಕಾಲವನ್ನು ತಿದ್ದಲು ಹೊರಟಾಗ ಕಷ್ಟ ಶುರುವಾಗುತ್ತದೆ. ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1898ರಲ್ಲಿ ಪುಸ್ತಕವಾಗಿ ಬಂದಾಗ ಮಂಗಳದಲ್ಲಿ ಬುದ್ಧಿವಂತ ಜೀವಿಗಳಿರಬಹುದು ಎಂಬುದು ಗಂಭೀರ ಚರ್ಚೆಯ ವಿಷಯವಾಗಿತ್ತು. ಇಂದು ಅದನ್ನು ಯಾರೂ ನಂಬುವುದಿಲ್ಲ. 2005ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ತೆಗೆದ ಚಿತ್ರ ದಾಳಿಕೋರರು ಎಲ್ಲಿಂದ ಬಂದರೆಂದು ಹೇಳದೆ ಮುಂದೆ ಸಾಗುತ್ತದೆ; ಅಷ್ಟರ ಮಟ್ಟಿಗೆ ಏನೂ ನಷ್ಟವಿಲ್ಲ.

ನಷ್ಟವಿರುವುದು ಬೇರೆಡೆ. ವೆಲ್ಸ್ ಮಂಗಳದವರನ್ನು ಲಂಡನ್ನಿನ ಸುತ್ತಲ ಊರುಗಳಿಗೆ ಇಳಿಸಿದ್ದು ಸುಮ್ಮನೆ ಅಲ್ಲ. ಆಗ ಬ್ರಿಟನ್ ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯವಾಗಿತ್ತು. ಯುರೋಪಿನಿಂದ ಹೋದವರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನಿರ್ನಾಮ ಮಾಡಿದರೆಂದು ಮೊದಲ ಅಧ್ಯಾಯದಲ್ಲೇ ಹೇಳಿ, ಅದೇ ಮನೋಭಾವದಿಂದ ಮಂಗಳದವರು ನಮ್ಮ ಮೇಲೆ ಬಿದ್ದರೆ ದೂರಲು ನಮಗೆ ಬಾಯಿದೆಯೇ ಎಂದು ವೆಲ್ಸ್ ಕೇಳುತ್ತಾರೆ. ಆಳುವವನು ಆಳಿಸಿಕೊಂಡವನ ಜಾಗದಲ್ಲಿ ನಿಂತಾಗ ಹುಟ್ಟುವ ನಡುಕವೇ ಆ ಪುಸ್ತಕದ ಪ್ರಾಣ. 1953ರ ಚಿತ್ರ ಕಥೆಯನ್ನು ಅಂದಿನ ಕ್ಯಾಲಿಫೋರ್ನಿಯಾಕ್ಕೆ ತಂದು, ಅಣುಬಾಂಬಿಗೂ ಬಗ್ಗದ ಶತ್ರುವನ್ನು ತೋರಿಸಿತು. ಅಂದಿನ ಪ್ರೇಕ್ಷಕರ ಅಂಜಿಕೆಯನ್ನು ಅದು ಸರಿಯಾಗಿಯೇ ಹಿಡಿದಿತ್ತು, ಆದರೆ ಆತ್ಮಪರೀಕ್ಷೆಯ ಆ ಪ್ರಶ್ನೆ ಅದರಲ್ಲಿ ಉಳಿಯಲಿಲ್ಲ. ಮಂಗಳದವರ ಯುದ್ಧಯಂತ್ರಗಳಿಗೆ ಪುಸ್ತಕದಲ್ಲಿರುವಂತೆ ಮೂರು ಕಾಲಿವೆಯೇ ಎಂಬ ಬಗ್ಗೆ ಅಭಿಮಾನಿಗಳು ನಡೆಸುವ ವಾದಕ್ಕಿಂತ ಈ ಮಾತು ಮುಖ್ಯ. ಕಾಲವನ್ನು ಬದಲಿಸುವ ಚಿತ್ರಕಥೆಗಾರ, ಆ ನಡುಕಕ್ಕೆ ತನ್ನ ಕಾಲದಲ್ಲಿ ಸಮನಾದದ್ದು ಯಾವುದೆಂದು ಮೊದಲು ಹುಡುಕಿಕೊಳ್ಳಬೇಕು. ಅದು ಸಿಗದಿದ್ದರೆ ಕಥೆಯನ್ನು 1890ರ ದಶಕದಲ್ಲೇ ಬಿಡುವುದು ಲೇಸು.

ಪ್ರಶ್ನೆ: ದೊಡ್ಡ ಕಾದಂಬರಿಗಳಿಗೆ ಸಿನಿಮಾಕ್ಕಿಂತ ಸರಣಿಯೇ ಸೂಕ್ತವಲ್ಲವೇ?

ಉತ್ತರ: ಪುಟಗಳ ಲೆಕ್ಕಕ್ಕೆ ಹೌದು. ಆದರೆ ಸರಣಿಗೆ ಅದರದೇ ಒಂದು ಹಟವಿದೆ: ವಾರ ವಾರವೂ ಪರಿಚಿತ ಮುಖಗಳು ಬೇಕು. ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಕಥೆಗಳು 1942ರಿಂದ ಪತ್ರಿಕೆಯಲ್ಲಿ ಬಂದು 1951ರಲ್ಲಿ ಪುಸ್ತಕವಾದವು. ವ್ಯಕ್ತಿಗಳು ಮುಖ್ಯರಲ್ಲ, ಕೋಟ್ಯಂತರ ಜನರ ಒಟ್ಟು ನಡೆಯನ್ನು ಗಣಿತದಿಂದ ಮುಂಗಾಣಬಹುದು ಎಂಬುದು ಅಲ್ಲಿಯ ಮೂಲ ಕಲ್ಪನೆ; ಬರಲಿರುವ 30,000 ವರ್ಷಗಳ ಕತ್ತಲೆಯನ್ನು 1,000 ವರ್ಷಕ್ಕೆ ಇಳಿಸುವುದು ಅಲ್ಲಿಯ ಯೋಜನೆ. ದಶಕಗಳು ಉರುಳಿದಂತೆ ಒಂದು ಕಥೆಯ ನಾಯಕ ಮುಂದಿನ ಕಥೆಗೆ ಬರೀ ಹೆಸರಾಗಿ ಉಳಿಯುತ್ತಾನೆ. 2021ರಲ್ಲಿ ಆರಂಭವಾದ ಸರಣಿ ಈ ಕಷ್ಟಕ್ಕೆ ಒಂದು ಉಪಾಯ ಕಂಡುಕೊಂಡಿತು. ಒಬ್ಬನೇ ಚಕ್ರವರ್ತಿಯ ತದ್ರೂಪುಗಳು ತಲೆಮಾರುಗಳಾಚೆಗೂ ಆಳುತ್ತಾ ಹೋಗುತ್ತವೆ, ಹೀಗಾಗಿ ನೂರಾರು ವರ್ಷ ಕಳೆದರೂ ಅದೇ ನಟರು ತೆರೆಯ ಮೇಲಿರುತ್ತಾರೆ. ಮೂಲದಲ್ಲಿ ಇಲ್ಲದ ಈ ರಾಜವಂಶ, ಬದಲಾಗಲು ಒಪ್ಪದ ಸಾಮ್ರಾಜ್ಯ ಕುಸಿಯುವ ಬಗೆಯನ್ನು ಚೆನ್ನಾಗಿ ಕಾಣಿಸುತ್ತದೆ. ಉಳಿದ ಪಾತ್ರಗಳಿಗೆ ವಿಶೇಷ ಶಕ್ತಿಗಳನ್ನು ಕೊಟ್ಟಲ್ಲಿ ಮಾತ್ರ, ಒಬ್ಬ ವ್ಯಕ್ತಿಯಿಂದ ಇತಿಹಾಸ ಬದಲಾಗದು ಎಂಬ ಮೂಲದ ಮಾತೇ ತಲೆಕೆಳಗಾಯಿತು.

ಉದ್ದ ಹೆಚ್ಚಿದರೆ ನಿಷ್ಠೆ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಬೇಕೆನ್ನುವವರು ಲಿಯು ಸಿಶಿನ್ ಅವರ ‘ಮೂರು ಕಾಯಗಳ ಸಮಸ್ಯೆ’ ಕಾದಂಬರಿಯ ಎರಡು ರೂಪಗಳನ್ನು ಹೋಲಿಸಬಹುದು: 2023ರ ಚೀನೀ ಸರಣಿ 30 ಕಂತುಗಳದು, 2024ರ ಇಂಗ್ಲಿಷ್ ಸರಣಿಯ ಮೊದಲ ಭಾಗ 8 ಕಂತುಗಳದು.

ಪ್ರಶ್ನೆ: ಮೂಲ ಲೇಖಕರೇ ಒಪ್ಪದ ಚಿತ್ರವನ್ನು ಒಳ್ಳೆಯ ರೂಪಾಂತರ ಎನ್ನಬಹುದೇ?

ಉತ್ತರ: ಒಳ್ಳೆಯ ಚಿತ್ರ ಎನ್ನಬಹುದು. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ 1961ರಲ್ಲಿ ಬರೆದ ‘ಸೊಲಾರಿಸ್’ ಕಾದಂಬರಿಯಲ್ಲಿ ಒಂದು ಗ್ರಹವನ್ನು ಆವರಿಸಿರುವ ಸಾಗರವೇ ಒಂದು ಜೀವಿ. ಅದನ್ನು ಅರಿಯಲು ವಿಜ್ಞಾನಿಗಳು ತಲೆಮಾರುಗಟ್ಟಲೆ ಬರೆದ ಗ್ರಂಥಗಳ, ಸೋತ ಸಿದ್ಧಾಂತಗಳ ಚರಿತ್ರೆಗೂ ಪುಸ್ತಕದಲ್ಲಿ ಸಾಕಷ್ಟು ಜಾಗವಿದೆ. ಮನುಷ್ಯನ ತಿಳಿವಳಿಕೆಗೆ ಎಂದೂ ದಕ್ಕದ್ದು ಇರಬಹುದು ಎಂಬುದು ಲೆಮ್ ಅವರ ಮಾತು. ಆಂದ್ರೇಯ್ ತಾರ್ಕೋವ್‌ಸ್ಕಿ 1972ರ ಚಿತ್ರದಲ್ಲಿ ಕಾದಂಬರಿಯಲ್ಲಿ ಇಲ್ಲದ ದೀರ್ಘವಾದ ಭೂಮಿಯ ಭಾಗವನ್ನು ಮೊದಲಿಗೆ ಇಟ್ಟು, ನಾಯಕನ ಸತ್ತ ಹೆಂಡತಿಯ ರೂಪದಲ್ಲಿ ಮರಳುವ ಪಾಪಪ್ರಜ್ಞೆಯನ್ನು ನಡುವೆ ನಿಲ್ಲಿಸಿದರು. ತಾರ್ಕೋವ್‌ಸ್ಕಿ ತೆಗೆದದ್ದು ‘ಸೊಲಾರಿಸ್’ ಅಲ್ಲ, ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎಂದು ಲೆಮ್ ಆಕ್ಷೇಪಿಸಿದರು. 2002ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಅದೇ ಕಥೆಯನ್ನು ಮತ್ತೆ ಸಿನಿಮಾ ಮಾಡಿದಾಗಲೂ, ತಮ್ಮ ಪುಸ್ತಕ ಬಾಹ್ಯಾಕಾಶದ ಪ್ರೇಮಕಥೆಯಲ್ಲ ಎಂದು ಬೇಸರಪಟ್ಟರು.

ನನ್ನ ಎಣಿಕೆಯಲ್ಲಿ ಲೆಮ್ ಅವರ ದೂರು ಪೂರ್ಣ ನ್ಯಾಯವಾದದ್ದು, 1972ರ ಚಿತ್ರವೂ ಶ್ರೇಷ್ಠವಾದದ್ದು. ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾದ ಅಗತ್ಯ ನನಗೆ ಕಂಡಿಲ್ಲ. ಸೋತ ಸಿದ್ಧಾಂತಗಳ ಗ್ರಂಥಾಲಯವನ್ನು ತೆರೆಯ ಮೇಲೆ ಜೀವಂತವಾಗಿಸುವ ನಿರ್ದೇಶಕ ಇನ್ನೂ ಬರಬೇಕಾಗಿದೆ, ಅಷ್ಟೆ.

ಪ್ರಶ್ನೆ: ನಾನೊಂದು ಹಳೆಯ ವೈಜ್ಞಾನಿಕ ಕಾದಂಬರಿಗೆ ಚಿತ್ರಕಥೆ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಹಕ್ಕಿನಿಂದ. ಲೇಖಕರ ನಿಧನದ ನಂತರವೂ ಕನಿಷ್ಠ 50 ವರ್ಷ ಕೃತಿಸ್ವಾಮ್ಯ ಉಳಿಯಬೇಕೆಂದು ಬರ್ನ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಹಲವು ದೇಶಗಳಲ್ಲಿ ಅದು 70 ವರ್ಷ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಆದ್ದರಿಂದ ಅವರ ಕೃತಿಗಳು ಈ ಎರಡೂ ಲೆಕ್ಕದಲ್ಲಿ ಮುಕ್ತವಾಗಿವೆ. ಹರ್ಬರ್ಟ್ ತೀರಿಕೊಂಡದ್ದು 1986ರಲ್ಲಿ.

ಅದಾದ ಮೇಲೆ, ಪುಸ್ತಕದಲ್ಲಿ ಬರೀ ಮಾತಿನಿಂದ ಆಗುವ ಕೆಲಸವೊಂದನ್ನು ಆರಿಸಿ, ಅದನ್ನೇ ಮಾತಿಲ್ಲದೆ ಮಾಡಲು ಯತ್ನಿಸಿ ನೋಡಿ. ರೇ ಬ್ರಾಡ್‌ಬರಿ ಅವರ 1953ರ ‘ಫ್ಯಾರನ್‌ಹೈಟ್ 451’ ಪುಸ್ತಕಗಳನ್ನು ಸುಡುವ ಸಮಾಜದ ಕಥೆ. ಫ್ರಾಂಸ್ವಾ ತ್ರೂಫೋ 1966ರಲ್ಲಿ ಅದನ್ನು ಸಿನಿಮಾ ಮಾಡಿದಾಗ, ನಟರ ಮತ್ತು ತಂತ್ರಜ್ಞರ ಹೆಸರುಗಳನ್ನು ಆರಂಭದಲ್ಲಿ ತೆರೆಯ ಮೇಲೆ ಬರೆಸಲಿಲ್ಲ. ಮನೆಗಳ ಮೇಲಿನ ಟಿವಿ ಆಂಟೆನಾಗಳನ್ನು ತೋರಿಸುತ್ತಾ ಹೆಸರುಗಳನ್ನು ಓದಿಸಿದರು. ಅಕ್ಷರಕ್ಕೆ ಜಾಗವಿಲ್ಲದ ಲೋಕಕ್ಕೆ ಬಂದಿದ್ದೇವೆಂದು ನೋಡುಗನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಇಂಥ ಒಂದು ಉಪಾಯ ನಿಮಗೆ ಹೊಳೆಯುವವರೆಗೆ ಸಂಭಾಷಣೆ ಬರೆಯಲು ಕೂರಬೇಡಿ.

ಪ್ರಶ್ನೆ: ಸಿನಿಮಾದಿಂದಾಗಿ ಪುಸ್ತಕವೇ ಬದಲಾದದ್ದುಂಟೇ?

ಉತ್ತರ: ಉಂಟು. ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿಯಾಗಿಯೂ ಸ್ಟ್ಯಾನ್ಲಿ ಕ್ಯೂಬ್ರಿಕ್ ಚಿತ್ರವಾಗಿಯೂ ಜೊತೆಜೊತೆಗೇ ಬೆಳೆಸಿದರು; ಎರಡೂ 1968ರಲ್ಲಿ ಹೊರಬಂದವು. ಕಾದಂಬರಿಯಲ್ಲಿ ನೌಕೆ ಶನಿಗ್ರಹಕ್ಕೆ ಹೋಗುತ್ತದೆ. ಶನಿಯ ಬಳೆಗಳನ್ನು ನಂಬುವಂತೆ ತೋರಿಸಲು ಚಿತ್ರದ ತಂತ್ರಜ್ಞರಿಗೆ ಆಗದ ಕಾರಣ, ತೆರೆಯ ಮೇಲೆ ಅದೇ ನೌಕೆ ಗುರುಗ್ರಹದ ಬಳಿ ನಿಂತಿತು. ಕ್ಲಾರ್ಕ್ 1982ರಲ್ಲಿ ಎರಡನೆಯ ಭಾಗವನ್ನು ಬರೆಯುವಾಗ ತಮ್ಮ ಶನಿಯನ್ನು ಬಿಟ್ಟು, ಚಿತ್ರದ ಗುರುಗ್ರಹದಿಂದಲೇ ಕಥೆಯನ್ನು ಮುಂದುವರಿಸಿದರು.