ವಾಹನ ವಿಚಾರ: ಎಂಜಿನ್ ಕೂರುತ್ತದೆ, ಗಾಡಿ ಒಪ್ಪಬೇಕಲ್ಲ!

ಈ ಸಲದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಒಂದು ಗಾಡಿಯ ಎಂಜಿನ್ ಇಳಿಸಿ ಇನ್ನೊಂದಕ್ಕೆ ಏರಿಸುವುದು.

ಪ್ರ: ಹಳೆಯ ಮಸ್ಟಾಂಗ್‌ಗೆ ಟೊಯೋಟಾ ಎಂಜಿನ್ ಹಾಕುತ್ತಾರೆ, ನಿಸ್ಸಾನ್ ಕಾರಿಗೆ ಷೆವ್ರೊಲೆ ವಿ8 ಹಾಕುತ್ತಾರೆ. ಎರಡರಲ್ಲಿ ಯಾವುದು ಸುಲಭ? ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಿದೆ.
– ಮೆಕ್ಯಾನಿಕಲ್ ವಿದ್ಯಾರ್ಥಿ, ತುಮಕೂರು

ಉ: ಜಪಾನಿ ಕಾರಿಗೆ ವಿ8 ಹಾಕುವುದೇ ಸುಲಭ. ಎಂಟು ಸಿಲಿಂಡರು ಎರಡು ಸಾಲಲ್ಲಿ ಕೂತಿರುವುದರಿಂದ ವಿ8 ಉದ್ದದಲ್ಲಿ ಗಿಡ್ಡ. ಷೆವ್ರೊಲೆಯ ಎಲ್‌ಎಸ್ ಸರಣಿಯಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇದೆ, ವಾಲ್ವ್ ತೆರೆಯುವುದು ಪುಶ್‌ರಾಡ್. ಹಾಗಾಗಿ ಹೆಡ್ಡು ಚಿಕ್ಕದು, ಎತ್ತರವೂ ಕಡಿಮೆ. 1997ರಲ್ಲಿ ಕಾರ್ವೆಟ್ ಕಾರಿನಲ್ಲಿ ಬಂದ ಎಲ್‌ಎಸ್1ಗೆ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. 5.7 ಲೀಟರ್ ಅಂದ ಕೂಡಲೇ ಮೂತಿ ಭಾರವಾಗುತ್ತದೆ ಎಂದು ಹೆದರುವವರೇ ಹೆಚ್ಚು. ಆದರೆ ನಿಸ್ಸಾನ್ 240ಎಸ್‌ಎಕ್ಸ್‌ನ 2.4 ಲೀಟರ್ ಎಂಜಿನಿನ ಬ್ಲಾಕು ಎರಕದ ಕಬ್ಬಿಣದ್ದು. ಅದನ್ನಿಳಿಸಿ ಇದನ್ನೇರಿಸಿದರೆ ಕೂಡುವ ತೂಕ ಅಷ್ಟೇನಲ್ಲ.

ತೊಂದರೆ ಬರುವುದು ಬೇರೆ ಕಡೆ. ವಿ8 ಗಿಡ್ಡ, ಆದರೆ ಅಗಲ. ಬಲಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಸ್ಟೀರಿಂಗ್ ಶಾಫ್ಟ್ ಇಳಿಯುವ ಜಾಗಕ್ಕೇ ಬಲಗಡೆಯ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಂದು ನಿಲ್ಲುತ್ತದೆ. ಎಂಜಿನ್ ಕೂರಿಸುವ ಮೊದಲೇ ಅಲ್ಲಿ ಬೆರಳು ಆಡುವಷ್ಟು ಸಂದು ಇದೆಯೇ ನೋಡಬೇಕು. ಇನ್ನೊಂದು, ಎಲ್‌ಎಸ್ ಹೆಡ್ಡುಗಳ ಮೇಲಿರುವ ಸಣ್ಣ ಹಬೆ ಕೊಳವೆ. ಅದನ್ನು ರೇಡಿಯೇಟರಿನ ಮೇಲ್ಭಾಗಕ್ಕೋ ನೀರಿನ ಟ್ಯಾಂಕಿಗೋ ಸೇರಿಸಲೇಬೇಕು. ಬೇಡವೆಂದು ಬೋಲ್ಟ್ ಹಾಕಿ ಮುಚ್ಚಿದರೆ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೀಟರಿನ ಮುಳ್ಳು ನೆಟ್ಟಗೇ ಇರುತ್ತದೆ, ಒಳಗೆ ಗ್ಯಾಸ್ಕೆಟ್ ಸುಡುತ್ತಿರುತ್ತದೆ. ಹಳೆಯ ಷೆವ್ರೊಲೆ ಗೇರ್‌ಬಾಕ್ಸನ್ನು ಎಲ್‌ಎಸ್‌ಗೆ ಜೋಡಿಸುವವರು ಮರೆಯುವುದು ಒಂದು ಅಳತೆ: ಎಲ್‌ಎಸ್ ಕ್ರ್ಯಾಂಕಿನ ಹಿಂದಿನ ಫ್ಲೇಂಜ್ ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8ಗಿಂತ ಸುಮಾರು 10 ಮಿ.ಮೀ. ಒಳಗಿದೆ. ಆ 10 ಮಿ.ಮೀ.ಗೆ ಸ್ಪೇಸರ್ ಬೇಕು.

ಈಗ ಮಸ್ಟಾಂಗ್. ಅದರ ಬಾನೆಟ್ಟಿನೊಳಗೆ ಎರಡೂ ಪಕ್ಕ ಶಾಕ್ ಟವರುಗಳು (ಶಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೂಡುಗಳು) ಒತ್ತಿಕೊಂಡು ನಿಂತಿವೆ, ಆದ್ದರಿಂದ ಅಗಲ ಕಡಿಮೆ, ಉದ್ದ ಧಾರಾಳ. ಕಂಪನಿಯೇ ಮೊದಲಿನಿಂದ ಸಾಲು ಆರು ಸಿಲಿಂಡರಿನ ಎಂಜಿನನ್ನೂ ಅದರಲ್ಲಿ ಕೊಡುತ್ತಿತ್ತು. ಹೀಗಾಗಿ ಟೊಯೋಟಾದ 2ಜೆಝಡ್ (2,997 ಸಿಸಿ, ಸಾಲು ಆರು) ಅಲ್ಲಿ ಇಳಿಯುತ್ತದೆ. ತಗಲುವುದು ಆಯಿಲ್ ಚೇಂಬರ್: ಅದರ ಹೊಟ್ಟೆ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಸ್ಟೀರಿಂಗ್ ಲಿಂಕ್ ಆಡುವುದು ನಿಂತಿದೆ. ಟೊಯೋಟಾ ಬೇರೆ ಬೇರೆ ಕಾರಿಗೆ ಬೇರೆ ಬೇರೆ ಚೇಂಬರ್ ಕೊಟ್ಟಿದೆ, ಹೊಂದುವುದನ್ನು ಹುಡುಕಿದರೆ ವೆಲ್ಡಿಂಗ್ ಕೆಲಸ ಉಳಿಯುತ್ತದೆ. ಪೆಟ್ರೋಲ್ ವ್ಯವಸ್ಥೆಯನ್ನಂತೂ ಪೂರ್ತಿ ಬದಲಿಸಬೇಕು. ಕಾರ್ಬ್ಯುರೇಟರಿಗೆ 5–6 ಪಿಎಸ್‌ಐ ಒತ್ತಡ ಸಾಕಿತ್ತು, ಇಂಜೆಕ್ಷನ್‌ಗೆ 40ರ ಸುತ್ತಮುತ್ತ ಬೇಕು, ಜೊತೆಗೆ ಟ್ಯಾಂಕಿಗೆ ಮರಳುವ ಪೈಪು. ಟ್ಯಾಂಕಿನೊಳಗೆ ತಡೆಗೋಡೆ ಇಲ್ಲದಿದ್ದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಪಂಪು ಗಾಳಿ ಕುಡಿಯುತ್ತದೆ. ದೇವರಾಯನದುರ್ಗದಂಥ ಸುತ್ತು ದಾರಿಯಲ್ಲಿ ಇದು ಮೊದಲ ದಿನವೇ ಗೊತ್ತಾಗುತ್ತದೆ.

ಸೆಮಿನಾರಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಹಿಂದಿನ ಕ್ರೌನ್-ಪಿನಿಯನ್ 2.8 ಇದ್ದು (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 2.8 ಸುತ್ತು), ಚಕ್ರ ಒಂದು ಸುತ್ತಿಗೆ 2 ಮೀಟರ್ ಓಡಿದರೆ, ನೇರ ಗೇರಿನಲ್ಲಿ (ಎಂಜಿನ್, ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ಗೇರು) 100 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,330 ಸುತ್ತು. ವಿ8ಗೆ ಇದು ಹಿತ. ಟರ್ಬೊ ಇರುವ 3 ಲೀಟರ್ ಎಂಜಿನಿಗೆ ಅಷ್ಟರಲ್ಲಿ ಇನ್ನೂ ನಿದ್ದೆ. 3.7ರ ಆಸುಪಾಸಿನ ಕ್ರೌನ್ ಹಾಕಿದರೆ 3,080ಕ್ಕೆ ಏರುತ್ತದೆ, ಆಗ ಜೀವ ಬರುತ್ತದೆ.

ಪ್ರ: ನಮ್ಮ ಕ್ವಾಲಿಸ್‌ಗೆ ಮಸ್ಟಾಂಗ್ ವಿ8 ಹಾಕಬಹುದೇ?
– ಚಿಂತಾಮಣಿಯ ಓದುಗರು

ಉ: ಹಾಕಬಹುದು. ಆಮೇಲೆ ಬ್ರೇಕು, ಹೌಸಿಂಗು, ಕಮಾನು ಪಟ್ಟೆ, ಟೈರು ಹಾಕಬೇಕು. ಅಷ್ಟರಲ್ಲಿ ಕ್ವಾಲಿಸ್ ಎನ್ನಲು ಬಾಗಿಲಷ್ಟೇ ಉಳಿದಿರುತ್ತದೆ.

ಪ್ರ: ಮಾವಿನ ತೋಟದ ಕೆಲಸಕ್ಕೆ ಹಳೆಯ ಸಿಜೆ3ಬಿ ಪೆಟ್ರೋಲ್ ಜೀಪಿದೆ. ಕೋಲಾರದ ಮೇಸ್ತ್ರಿಯೊಬ್ಬರು ಕ್ವಾಲಿಸ್ ಡೀಸೆಲ್ ಎಂಜಿನ್ ಹಾಕಿಕೊಡುತ್ತೇನೆ, ಶಕ್ತಿ ದುಪ್ಪಟ್ಟಾಗುತ್ತದೆ ಎನ್ನುತ್ತಾರೆ. ನಂಬಬಹುದೇ?
– ಶ್ರೀನಿವಾಸಪುರದ ರೈತರು

ಉ: ದುಪ್ಪಟ್ಟಂತೂ ಆಗುವುದಿಲ್ಲ. ನಿಮ್ಮ ಜೀಪಿನ ಅಮೆರಿಕನ್ ಹರಿಕೇನ್ ಎಂಜಿನ್ 2.2 ಲೀಟರಿನದು, 70 ಚಿಲ್ಲರೆ ಅಶ್ವಶಕ್ತಿ. ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ, ಎಳೆತವೂ ಹಾಗೆಯೇ. ಉಳಿಯುವುದು ಇಂಧನದ ಖರ್ಚು, ಸಿಗುವುದು ಬಿಡಿಭಾಗದ ಅನುಕೂಲ. ಅದಕ್ಕಾಗಿಯೇ ಮಾಡಿಸುವುದಾದರೆ ಕೇಳಿ.

ಕ್ವಾಲಿಸ್‌ನ 5 ಗೇರಿನ ಬಾಕ್ಸನ್ನೂ ತರಬೇಡಿ. ಜೀಪಿನ ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದಿನ ಶಾಫ್ಟ್ ಹೊರಡುವುದು ನಡುವಿನಿಂದಲ್ಲ, ಬಲಕ್ಕೆ ಸರಿದು. ಜೀಪಿನ ವ್ಹೀಲ್‌ಬೇಸ್ ಬರೀ 80 ಇಂಚು. ಉದ್ದದ ಗೇರ್‌ಬಾಕ್ಸ್ ನುಗ್ಗಿಸಿದರೆ ಹಿಂದಿನ ಶಾಫ್ಟ್ ಮೊಳದಷ್ಟಾಗಿ, ಹಳ್ಳ ಇಳಿದಾಗಲೆಲ್ಲ ಶಾಫ್ಟಿನ ಕೀಲಾದ ಕ್ರಾಸ್ ಮುರಿಯುತ್ತದೆ. ಹಳೆಯ 3 ಗೇರಿನ ಬಾಕ್ಸ್ ಇಟ್ಟುಕೊಂಡು ನಡುವೆ ಎಂಜಿನ್, ಬಾಕ್ಸ್ ಎರಡಕ್ಕೂ ಹೊಂದುವ ಅಡಾಪ್ಟರ್ ಪ್ಲೇಟ್ ಹಾಕಿಸಿ. ಕ್ಲಚ್ ಕವರ್ ಹೊಸ ಎಂಜಿನ್ನಿನದು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಮಾತ್ರ ಜೀಪಿನ ಶಾಫ್ಟಿಗೆ ಹೊಂದುವಂಥದ್ದು.

ಎಂಜಿನ್ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟ್ ಬದಲಿಸಿ, ಗುಜರಿಯವರ ಕಿಲೋಮೀಟರ್ ಲೆಕ್ಕ ನಂಬಬೇಡಿ. ಬೆಲ್ಟ್ ಹರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇದ್ದರೆ, ಅದು ನಿಮಗೆ ಬೇಡದಿದ್ದರೂ ಅದರ ಆಯಿಲ್ ಪೈಪು ಮುಚ್ಚಬೇಡಿ, ಒಣಗಿ ಹಿಡಿದುಕೊಳ್ಳುತ್ತದೆ. ಗ್ಲೋ ಪ್ಲಗ್ ಒಂದೊಂದೂ ಸುಮಾರು 10 ಆಂಪಿಯರ್ ಎಳೆಯುವುದರಿಂದ ನಾಲ್ಕಕ್ಕೆ ದಪ್ಪ ವೈರು, ಬೇರೆ ರಿಲೇ ಬೇಕು. ಜೀಪಿನ ಹಳೆಯ ಇಗ್ನಿಷನ್ ವೈರಿನಿಂದಲೇ ಕೊಟ್ಟರೆ ಕೀಲಿಯ ಜಾಗದಲ್ಲಿ ಹೊಗೆ.

ವೇಗದ ಆಸೆ ಬೇಡ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್, ನಿಮ್ಮ ಕ್ರೌನ್ 5.38. 2,500 ಸುತ್ತಿಗೆ ಸಿಗುವುದು 61 ಕಿ.ಮೀ. 4.27 ಹಾಕಿದರೆ 77. ಆದರೆ ಹಿಂದಿನದನ್ನು ಬದಲಿಸಿದರೆ ಮುಂದಿನದನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿ ಫೋರ್ ವ್ಹೀಲ್ ಹಾಕಿದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು. ಮುರಿಯುವುದು ಟ್ರಾನ್ಸ್‌ಫರ್ ಕೇಸು.

ಪ್ರ: 1.5 ಎಂಜಿನ್ನಿನ ಕಾಂಟೆಸ್ಸಾ ಇದೆ, ನಂದಿ ಬೆಟ್ಟ ಹತ್ತುವಾಗ ಉಬ್ಬಸ ಪಡುತ್ತದೆ. ಯಾವುದಾದರೂ ಜಪಾನಿ ಎಂಜಿನ್ ಹೇಳಿ.
– ಚಿಕ್ಕಬಳ್ಳಾಪುರದ ಓದುಗರು

ಉ: ಇಸುಝು 1.8 ಪೆಟ್ರೋಲ್. ಬೇರೆ ಹುಡುಕಬೇಡಿ. ಹಿಂದುಸ್ತಾನ್ ಮೋಟಾರ್ಸೇ ಕಾಂಟೆಸ್ಸಾ ಕ್ಲಾಸಿಕ್‌ಗೆ ಅದನ್ನು 5 ಗೇರಿನೊಂದಿಗೆ ಕೊಟ್ಟಿತ್ತು. ಆ ಎಂಜಿನ್ನಿನ ಇಡೀ ಗಾಡಿ ಗುಜರಿಯಲ್ಲಿ ಸಿಕ್ಕರೆ ಬರೀ ಎಂಜಿನ್ ತರಬೇಡಿ. ಗೇರ್‌ಬಾಕ್ಸ್, ಎರಡರ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್, ಆಕ್ಸಿಲರೇಟರ್ ಕೇಬಲ್, ಸೈಲೆನ್ಸರಿನ ಮುಂದಿನ ಪೈಪ್, ವೈರಿಂಗ್ ಎಲ್ಲವನ್ನೂ ಬಿಚ್ಚಿ ತನ್ನಿ. ಶಾಫ್ಟ್ ಕತ್ತರಿಸಲೇಬೇಕಾದರೆ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ, ಜ್ಯಾಕಿನ ಮೇಲಲ್ಲ. ಸ್ಲಿಪ್ ಯೋಕನ್ನು (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ಮುಂದಿನ ತುದಿ) ಪೂರ್ತಿ ಒಳಗೆ ತಳ್ಳಿ, 20–25 ಮಿ.ಮೀ. ಹಿಂದೆಳೆದು ಆ ಅಳತೆ ಹಿಡಿಯಿರಿ.

ಪ್ರ: ಕೊಂಡ ಗಾಡಿಯಲ್ಲಿ ಮೊದಲೇ ಬೇರೆ ಎಂಜಿನ್ ಇದೆ, ಆರ್‌ಸಿಯಲ್ಲಿ ಹಳೆಯ ನಂಬರ್. ಏನು ಮಾಡಲಿ?
– ಗೌರಿಬಿದನೂರಿನ ಓದುಗರು

ಉ: ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಸಿಸಿ, ಇಂಧನ ಇವು ಗಾಡಿಯೊಂದಿಗೆ ತಾಳೆಯಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಣೆ ಮೀರಿದ ಮಾರ್ಪಾಡಿಗೆ ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. 182ಎ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಆಗಿದ್ದರೆ ಕೊಂಡ ಬಿಲ್ಲು, ಹಳೆಯ ಗಾಡಿಯ ದಾಖಲೆ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಡಿ. ಬೇರೆ ಮಾದರಿಯಾದರೆ ಮೂಲ ಎಂಜಿನ್ ಹುಡುಕಿ ಮರಳಿ ಹಾಕಿಸುವುದೇ ಕ್ಷೇಮ. ಅಪಘಾತದ ದಿನ ವಿಮೆಯವರು ಮೊದಲು ಕೇಳುವುದೇ ಈ ನಂಬರು. ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ನಷ್ಟವೂ ಇದೆ: 2021ರ ವಿಂಟೇಜ್ ನೋಂದಣಿಗೆ ಎಂಜಿನ್, ಚಾಸಿ, ಬಾಡಿ ಮೂಲ ರೂಪದಲ್ಲೇ ಇರಬೇಕು. ಮೇಲೆ ಜೀಪು, ಕಾಂಟೆಸ್ಸಾದ ಬಗ್ಗೆ ಕೇಳಿದವರೂ ಸ್ಪ್ಯಾನರ್ ಹಿಡಿಯುವ ಮೊದಲು ಈ ಉತ್ತರ ಓದಲಿ.

ಪ್ರ: ಲೇತ್ ಅಂಗಡಿ ಇಟ್ಟಿದ್ದೇನೆ. ಅಡಾಪ್ಟರ್ ಪ್ಲೇಟ್ ಮಾಡಿಕೊಟ್ಟೆ, ಗೇರ್ ಬೀಳುವುದೇ ಕಷ್ಟ ಎಂದು ಗಾಡಿ ವಾಪಸ್ ಬಂತು.
– ಕೆಜಿಎಫ್‌ನ ಓದುಗರು

ಉ: ಬೋಲ್ಟ್ ತೂತುಗಳನ್ನು ನಂಬಿ ಸೆಂಟರ್ ಹಿಡಿದಿರಬೇಕು. ಬೋಲ್ಟು ಬಿಗಿಯಲು ಮಾತ್ರ, ಸೆಂಟರ್ ಕಾಯುವುದು ಡೋವೆಲ್ ಪಿನ್, ಅಂದರೆ ಎರಡು ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಗೂಟ. ಪ್ಲೇಟು, ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಎರಡನ್ನೂ ಎಂಜಿನ್ನಿಗೆ ಕಟ್ಟಿ, ಡಯಲ್ ಗೇಜನ್ನು ಕ್ರ್ಯಾಂಕಿನ ಫ್ಲೇಂಜಿಗೆ ಹಿಡಿಸಿ, ಅದರ ಮೂತಿ ಹೌಸಿಂಗಿನ ನಡುವಿನ ರಂಧ್ರದ ಅಂಚಿಗೆ ತಾಗುವಂತೆ ಇಟ್ಟು ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.13 ಮಿ.ಮೀ. ದಾಟಬಾರದು. ದಾಟಿದರೆ ಪಿನ್ನಿನ ಜಾಗ ಬದಲಿಸಿ, ಮತ್ತೆ ಅಳೆಯಿರಿ. ಬಳಿಕ ಹೌಸಿಂಗಿನ ಮುಖವನ್ನೂ ಹಾಗೆಯೇ ನೋಡಿ.

ಸೆಂಟರ್ ಸರಿಯಿದ್ದೂ ಗೇರ್ ಬೀಳದಿದ್ದರೆ ಕ್ರ್ಯಾಂಕಿನ ಹಿಂತುದಿಯ ತೂತಿನಲ್ಲಿರುವ ಪೈಲಟ್ ಬುಷ್ ನೋಡಿ. ಗೇರ್‌ಬಾಕ್ಸ್ ಶಾಫ್ಟಿನ ತುದಿ ಬುಷ್ಷಿನೊಳಗೆ ಹೋಗಿಯೂ ಕ್ರ್ಯಾಂಕಿನ ತಳಕ್ಕೆ ತಾಗದಂತೆ 2–3 ಮಿ.ಮೀ. ಸಂದು ಉಳಿಯಬೇಕು. ತಳಕ್ಕೆ ಒತ್ತಿದ್ದರೆ ಬೋಲ್ಟ್ ಬಿಗಿದಂತೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಿಸಿಕೊಂಡು ಥ್ರಸ್ಟ್ ಬೇರಿಂಗ್ ತಿನ್ನುತ್ತದೆ. ಗುರುತು ಸುಲಭ: ಗೇರ್‌ಬಾಕ್ಸ್ ಬೋಲ್ಟ್ ಎರಡೆರಡು ಸುತ್ತು ಸಡಿಲಿಸಿ ಕ್ರ್ಯಾಂಕ್ ತಿರುಗಿಸಿ ನೋಡಿ. ಬಿಗಿದಾಗ ಗಟ್ಟಿ, ಸಡಿಲಿಸಿದಾಗ ಹಗುರ ಎಂದರೆ ಶಾಫ್ಟ್ ಉದ್ದವಾಗಿದೆ, ಪ್ಲೇಟು ತೆಳುವಾಗಿದೆ.