ವಿಮಾನ ಬಿದ್ದಿದ್ದರೆ ವಿಮಾನ ಕಾಣಬೇಕಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನನಗೂ ನಮ್ಮ ಭಾವನಿಗೂ ಒಂದು ವಾರದಿಂದ ವಾದ ನಡೆದಿದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಶ್ಯಾಂಕ್ಸ್‌ವಿಲ್ ಹತ್ತಿರ ಬಿದ್ದ ವಿಮಾನದ ಫೋಟೊ ತೋರಿಸಿ, "ನೋಡು, ಬರೀ ಗುಂಡಿ ಇದೆ. ರೆಕ್ಕೆ ಇಲ್ಲ, ಬಾಲ ಇಲ್ಲ. ಅಲ್ಲಿ ವಿಮಾನವೇ ಬಿದ್ದಿಲ್ಲ" ಅಂತಾರೆ. ಬೇರೆ ಅಪಘಾತಗಳಲ್ಲಿ ಬಾಲವಾದರೂ ಉಳಿದಿರುತ್ತಲ್ವಾ? ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಭಾವ ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ. ಎಡವಿರುವುದು ಹೋಲಿಕೆಯಲ್ಲಿ. ಟಿವಿಯಲ್ಲಿ ನಾವು ನೋಡುವ ಅಪಘಾತಗಳಲ್ಲಿ ಜಾಸ್ತಿ ಪಾಲು ವಿಮಾನ ಏರುವಾಗ ಇಲ್ಲವೇ ಇಳಿಯುವಾಗ ಆದವು. ಆಗ ವೇಗ ಗಂಟೆಗೆ 250–300 ಕಿ.ಮೀ. ಆಸುಪಾಸು ಇರುತ್ತದೆ, ವಿಮಾನ ನೆಲಕ್ಕೆ ಓರೆಯಾಗಿ ತಾಗಿ ಉಜ್ಜಿಕೊಂಡು ಹೋಗುತ್ತದೆ, ಮೂರು ನಾಲ್ಕು ತುಂಡಾಗುತ್ತದೆ, ಪೆಟ್ಟನ್ನೆಲ್ಲ ಮುಂಭಾಗ ತಿಂದಿರುವುದರಿಂದ ಎಷ್ಟೋ ಸಲ ಬಾಲ ಉಳಿಯುತ್ತದೆ. ನಮ್ಮ ತಲೆಯಲ್ಲಿ ಕೂತಿರುವ ಚಿತ್ರ ಅದು.

ಶ್ಯಾಂಕ್ಸ್‌ವಿಲ್‌ನಲ್ಲಿ ಬಿದ್ದ ಯುನೈಟೆಡ್ 93 ಆ ಥರ ಇಳಿಯುತ್ತಿರಲಿಲ್ಲ. ತಲೆಕೆಳಗಾಗಿ, ಮೂತಿಯನ್ನು ಸುಮಾರು 40 ಡಿಗ್ರಿ ಕೆಳಕ್ಕೆ ಮಾಡಿಕೊಂಡು, ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯಿತು. ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಇನ್ನು ವಿಮಾನದ ಮೈ ಅಂದರೆ ಏನು? ಒಂದೆರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಒಳಗೆ ಅದನ್ನು ಹಿಡಿದಿಡುವ ಚೌಕಟ್ಟು. ದೂರದಿಂದ ನೋಡಿದರೆ ಗಟ್ಟಿ ಉಕ್ಕಿನ ಕೊಳವೆಯ ಹಾಗೆ ಕಾಣುತ್ತದೆ, ಅಷ್ಟೇ. ಅದೂ ಅಲ್ಲದೆ ಆ ಜಾಗ ಹಿಂದೆ ಕಲ್ಲಿದ್ದಲು ತೆಗೆದು ಮತ್ತೆ ಮಣ್ಣು ತುಂಬಿದ ನೆಲ. ಮಣ್ಣು ಸಡಿಲವಾಗಿತ್ತು. ವಿಮಾನದ ಬಹುಪಾಲು ಅದರೊಳಗೆ ಹೊಕ್ಕಿತು.

ಫೋಟೊ ಅಗೆಯುವುದಕ್ಕೆ ಮೊದಲು ತೆಗೆದದ್ದು ಅನ್ನುವುದನ್ನು ನಿಮ್ಮ ಭಾವನಿಗೆ ಹೇಳಿ. ಅಗೆದಾಗ ಒಂದು ಬ್ಲ್ಯಾಕ್ ಬಾಕ್ಸ್ ಸುಮಾರು ನಾಲ್ಕೂವರೆ ಮೀಟರ್ ಆಳದಲ್ಲಿ, ಕಾಕ್‌ಪಿಟ್‌ನ ಮಾತು ರೆಕಾರ್ಡ್ ಮಾಡುವ ಇನ್ನೊಂದು ಸುಮಾರು ಏಳೂವರೆ ಮೀಟರ್ ಆಳದಲ್ಲಿ ಸಿಕ್ಕಿತು. ಎಂಜಿನ್ ಭಾಗಗಳು ಸಿಕ್ಕವು, ಕಿಟಕಿಗಳಿದ್ದ ಮೈಯ ತುಂಡೂ ಸಿಕ್ಕಿತು. ವಿಮಾನದ ಸುಮಾರು 95 ಶೇಕಡ ಸಿಕ್ಕಿದೆ ಅಂತ ಎಫ್‌ಬಿಐ ಹೇಳಿತು. ಆ ರೆಕಾರ್ಡಿಂಗ್ ಅನ್ನು 2002ರಲ್ಲಿ ಸತ್ತವರ ಮನೆಯವರಿಗೆ ಕೇಳಿಸಿದರು, 2006ರಲ್ಲಿ ಕೋರ್ಟಿನಲ್ಲೂ ಹಾಕಿದರು. ಪ್ರಯಾಣಿಕರು, ಸಿಬ್ಬಂದಿ ಸೇರಿ 40 ಜನ, ಪ್ರತಿಯೊಬ್ಬರ ಗುರುತೂ ಪತ್ತೆಯಾಯಿತು. "ವಿಮಾನವೇ ಇರಲಿಲ್ಲ" ಅನ್ನುವ ಮಾತು ಆ 40 ಮನೆಗಳಿಗೂ ಹೋಗಿ ತಲುಪುತ್ತದೆ. ನನಗೆ ಸಹಿಸಲಾಗದ್ದು ಅದು.

ಸುಮ್ನೆ ಮಾತಾಯಿತು ಅಂದರೆ ಒಂದು ಪ್ರಯೋಗ ಹೇಳುತ್ತೇನೆ. 1988ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಒಂದು ಎಫ್-4 ಫ್ಯಾಂಟಮ್ ಯುದ್ಧವಿಮಾನವನ್ನು ರಾಕೆಟ್ ಕಟ್ಟಿದ ಹಳಿಯ ಮೇಲೆ ಓಡಿಸಿ, ಗಂಟೆಗೆ ಸುಮಾರು 770 ಕಿ.ಮೀ. ವೇಗದಲ್ಲಿ ದಪ್ಪ ಕಾಂಕ್ರೀಟ್ ಗೋಡೆಗೆ ಹೊಡೆಸಿದರು. ಪೆಟ್ಟಿನ ಬಲ ಎಷ್ಟು ಅಂತ ಅಳೆಯುವುದು ಅವರ ಉದ್ದೇಶ. ವಿಡಿಯೊ ಇದೆ, ಇಬ್ಬರೂ ಕೂತು ನೋಡಿ. ವಿಮಾನ ಗೋಡೆಗೆ ತಾಗುತ್ತಾ ತಾಗುತ್ತಾ ಪುಡಿಯಾಗಿ ಹೋಗುತ್ತದೆ. ಸೆಪ್ಟೆಂಬರ್ 11ಕ್ಕಿಂತ 13 ವರ್ಷ ಮೊದಲು, ಯಾರ ವಾದ ಗೆಲ್ಲಿಸುವುದಕ್ಕೂ ಅಲ್ಲದೆ ಮಾಡಿದ ಪ್ರಯೋಗ ಅದು.

ಪ್ರಶ್ನೆ: ಅದೇ ದಿನ ವಿಮಾನ ಹೊಡೆಯಿತು ಅನ್ನುವ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ ಕಟ್ಟಡದ ಗೋಡೆಯ ತೂತು ವಿಮಾನಕ್ಕಿಂತ ತುಂಬಾ ಚಿಕ್ಕದಂತೆ. ಹಾಗಾದರೆ ಹೊಡೆದದ್ದು ಕ್ಷಿಪಣಿ ಇರಬಹುದಲ್ವಾ?

ಉತ್ತರ: ಯಾವ ತೂತು ಅಂತ ಮೊದಲು ಕೇಳಿ. ಹೆಚ್ಚಾಗಿ ಹಂಚಿಕೊಳ್ಳುವ ದುಂಡನೆಯ ತೂತು ವಿಮಾನ ಒಳನುಗ್ಗಿದ ಜಾಗದ್ದಲ್ಲ. ಅವಶೇಷ ಕಟ್ಟಡದೊಳಗೆ ಸುಮಾರು 95 ಮೀಟರ್ ನುಗ್ಗಿ ಕೊನೆಗೆ ಹೊರಬಂದ, ಒಳಗಿನ ಗೋಡೆಯದ್ದು. ಮುಂದಿನ ಗೋಡೆಯ ನೆಲಮಹಡಿಯಲ್ಲಿ ಒಡೆದ ಜಾಗ ಬಹಳ ಅಗಲ, ಆದರೆ ಅನೇಕ ಫೋಟೊಗಳಲ್ಲಿ ಬೆಂಕಿ ಆರಿಸುವವರ ನೊರೆ, ನೀರು ಅದನ್ನೇ ಮುಚ್ಚಿವೆ. ಬರುವ ದಾರಿಯಲ್ಲಿ ಐದು ದೀಪದ ಕಂಬಗಳು ಉರುಳಿದ್ದವು, ರೆಕ್ಕೆ ಅಗಲವಿಲ್ಲದ ಕ್ಷಿಪಣಿಯಿಂದ ಅದು ಹೇಗೆ ಸಾಧ್ಯ? ಒಳಗೆ ಚಕ್ರ, ಲ್ಯಾಂಡಿಂಗ್ ಗೇರ್, ಎಂಜಿನ್ ಭಾಗ, ಎರಡೂ ಬ್ಲ್ಯಾಕ್ ಬಾಕ್ಸ್ ಸಿಕ್ಕವು. ಇಂಥ ಕಡೆ ಉಳಿಯುವುದು ಇವೇ, ಅಂದರೆ ಉಕ್ಕು, ಟೈಟಾನಿಯಂನ ದಪ್ಪ ಭಾಗಗಳು. ತಗಡು ಉಳಿಯುವುದಿಲ್ಲ.

ಪ್ರಶ್ನೆ: ವಿಮಾನವೇ ಪುಡಿಯಾದ ಮೇಲೆ ಪಾಸ್‌ಪೋರ್ಟ್, ಕಾಗದ ಹೇಗೆ ಉಳಿಯುತ್ತೆ?

ಉತ್ತರ: ಹಗುರವಾಗಿರುವುದರಿಂದಲೇ. ಮೈ ಒಡೆದ ಕ್ಷಣದಲ್ಲಿ ಗಾಳಿಯ ರಭಸಕ್ಕೆ ಕಾಗದ ಹೊರಗೆ ಚಿಮ್ಮುತ್ತದೆ, ಬೆಂಕಿ ತಲುಪುವಷ್ಟರಲ್ಲಿ ದೂರ ಹೋಗಿರುತ್ತದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆಯಿತಲ್ಲ, ಅದರಲ್ಲಿದ್ದ ಗಗನಯಾತ್ರಿ ಇಲಾನ್ ರಾಮೋನ್ ಅವರ ಡೈರಿಯ ಹಾಳೆಗಳು ಆಮೇಲೆ ಟೆಕ್ಸಾಸ್‌ನ ಬಯಲಲ್ಲಿ ಸಿಕ್ಕವು. ಬರೆದದ್ದನ್ನು ಓದಲೂ ಆಯಿತು.

ಪ್ರಶ್ನೆ: ಹಾಗಾದರೆ ಎಲ್ಲ ಅನುಮಾನವೂ ಸುಳ್ಳೇ?

ಉತ್ತರ: ಇಲ್ಲ, ಹಾಗೆ ಹೇಳಲಾರೆ. 2014ರ ಜುಲೈ 17ರಂದು ಉಕ್ರೇನ್‌ನಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಪ್ರಯಾಣಿಕ ವಿಮಾನ ಎಂಎಚ್17 ಬಿದ್ದು 298 ಜನ ಸತ್ತಾಗ ಕ್ಷಿಪಣಿ ಅನ್ನುವ ಅನುಮಾನ ನಿಜವಾಯಿತು. ಅವಶೇಷ ವಿಶಾಲವಾದ ಜಾಗದಲ್ಲಿ ಚದುರಿತ್ತು, ಕಾಕ್‌ಪಿಟ್ ಮೈಗೆ ಹೊರಗಿನಿಂದ ಒಳಕ್ಕೆ ತೂತುಗಳಾಗಿದ್ದವು, ಒಳಗೆ ಬೋ-ಟೈ ಆಕಾರದ ಲೋಹದ ಚೂರು ಸಿಕ್ಕಿತು. ಅದು ಬುಕ್ ಕ್ಷಿಪಣಿಯ ಸಿಡಿತಲೆಯದ್ದು ಅಂತ ಡಚ್ ತನಿಖಾ ಮಂಡಳಿ 2015ರಲ್ಲಿ ವರದಿ ಕೊಟ್ಟಿತು. 1996ರಲ್ಲಿ ಸಮುದ್ರಕ್ಕೆ ಬಿದ್ದ ಅಮೆರಿಕದ ಪ್ರಯಾಣಿಕ ವಿಮಾನ ಟಿಡಬ್ಲ್ಯುಎ 800ರ ವಿಷಯದಲ್ಲೂ ಅದೇ ಅನುಮಾನ ಎದ್ದಿತ್ತು. ಸಮುದ್ರದಿಂದ ಸುಮಾರು 95 ಶೇಕಡ ಮೇಲೆತ್ತಿ ತುಂಡಿಗೆ ತುಂಡು ಜೋಡಿಸಿ ನೋಡಿದರು. ಅಂಥ ಗುರುತು ಸಿಗಲಿಲ್ಲ, ನಡುವಿನ ಇಂಧನ ಟ್ಯಾಂಕ್ ಸ್ಫೋಟಿಸಿದ್ದು ಕಂಡಿತು.

ಪ್ರಶ್ನೆ: ಶ್ಯಾಂಕ್ಸ್‌ವಿಲ್ ಚೂರುಗಳು ಈಗ ಎಲ್ಲಿವೆ?

ಉತ್ತರ: ಉಳಿದಿದ್ದನ್ನು ಕಂಟೇನರ್‌ಗಳಲ್ಲಿ ಕಾಪಾಡಿ ಇಟ್ಟಿದ್ದರು. 2018ರಲ್ಲಿ ಅದೇ ಜಾಗಕ್ಕೆ ತಂದು, ಸ್ಮಾರಕದ ಹತ್ತಿರ ಮಣ್ಣು ಮಾಡಿದರು.